ಯಾವ ಕ್ಲಾಸ್ ತಗೊಳ್ಳಲಿ, ಅಕ್ಕಾ?

ಪ್ರಶ್ನೆ: ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಈ ರಜೆಯಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಆಟ ಆಡೋಣ ಅಂತ ಹಾಕಿಕೊಂಡೆ. ಪಾತ್ರದ ಕ್ಲಾಸ್, ಅಂದರೆ ಅದು ಯಾವ ಬಗೆಯ ಹೋರಾಟಗಾರ ಅಂತ ಆರಿಸುವ ಜಾಗದಲ್ಲೇ ಎರಡು ದಿನ ಕಳೆದುಹೋಯಿತು. ರೂಮ್‌ಮೇಟ್ ವಾರಿಯರ್ ತಗೋ ಅಂತಾನೆ. ದೊಡ್ಡಪ್ಪನ ಮಗ ಮೇಜ್, ಅಂದರೆ ಮಂತ್ರವಾದಿ, ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಯೂಟ್ಯೂಬ್ ನೋಡಿದರೆ ಒಬ್ಬೊಬ್ಬರದು ಒಂದೊಂದು ಪಟ್ಟಿ. ಎಲ್ಲಕ್ಕಿಂತ ಬಲವಾದ ಕ್ಲಾಸ್ ಯಾವುದು, ಒಂದೇ ಮಾತಿನಲ್ಲಿ ಹೇಳಿಬಿಡಿ ಅಕ್ಕಾ.
— ಹಾಸನದ ಓದುಗ

ಉತ್ತರ: ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಆ ಪಟ್ಟಿಗಳು ಸುಳ್ಳಲ್ಲ ತಮ್ಮಾ. ಆದರೆ ಅವು 60ನೇ ಲೆವೆಲ್ ಮುಟ್ಟಿದವರ ಪಟ್ಟಿಗಳು. ಅಲ್ಲಿ 40 ಜನ ಸೇರಿ ಮೋಲ್ಟನ್ ಕೋರ್‌ನಂಥ ರೇಡ್‌ಗೆ, ಅಂದರೆ ದೊಡ್ಡ ಗುಂಪಿನ ದಾಳಿಗೆ, ಹೋಗುತ್ತಾರೆ. ಯಾರ ಡ್ಯಾಮೇಜ್ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ವಾರಿಯರ್ ಮುಂದಿನ ಸಾಲಿನಲ್ಲೇ ಇರುತ್ತಾನೆ, ನಿನ್ನ ರೂಮ್‌ಮೇಟ್ ಹೇಳಿದ್ದು ನಿಜ. ಆದರೆ ನೀನು ಇನ್ನೂ ಒಂದನೇ ಲೆವೆಲ್‌ಗೂ ಕಾಲಿಟ್ಟಿಲ್ಲ. ಅಲ್ಲಿಂದ 60ಕ್ಕೆ ಹೋಗಲು ಹೊಸಬರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ದಿನಾ ಸಂಜೆ ನಿನ್ನ ಕೈ ಏನು ಮಾಡುತ್ತಿರುತ್ತದೆ? ನಿನ್ನ ಜೊತೆ ಯಾರಿರುತ್ತಾರೆ? ಈ ಎರಡು ಪ್ರಶ್ನೆ ಕೇಳಿಕೊಂಡರೆ ಒಂಬತ್ತು ಕ್ಲಾಸ್‌ಗಳಲ್ಲಿ ಆರು ತಾನಾಗಿಯೇ ಬಿದ್ದುಹೋಗುತ್ತವೆ.

ನನ್ನದೇ ಕಥೆ ಹೇಳುತ್ತೇನೆ. 2019ರ ಆಗಸ್ಟ್‌ನಲ್ಲಿ ಕ್ಲಾಸಿಕ್ ಶುರುವಾದ ವಾರವೇ ನಾನು ಮನುಷ್ಯ ಕುಲದ ಒಬ್ಬ ವಾರಿಯರ್ ಹುಡುಗಿಯನ್ನು ಮಾಡಿಕೊಂಡೆ. ಆಗಲೂ ಎಲ್ಲರ ಬಾಯಲ್ಲಿ ಅದೇ ಮಾತು, ವಾರಿಯರ್ ಬಲಶಾಲಿ ಅಂತ. ಆಫೀಸಿನಿಂದ ಬಂದು, ಅಡುಗೆ ಮುಗಿಸಿ, ಒಬ್ಬಳೇ ಕೂತು ಆಡುತ್ತಿದ್ದೆ. ಎಲ್ವಿನ್ ಕಾಡಿನಲ್ಲಿ ಫಾರ್ಗೋಡೀಪ್ ಅಂತ ಒಂದು ಗಣಿ ಇದೆ. ಅದರೊಳಗೆ ತಲೆ ಮೇಲೆ ಮೇಣದಬತ್ತಿ ಇಟ್ಟುಕೊಂಡ ಕೋಬೋಲ್ಡ್‌ಗಳು ಓಡಾಡುತ್ತಿರುತ್ತವೆ. ಒಂದನ್ನು ಹೊಡೆಯಲು ಹೋದರೆ ಪಕ್ಕದ್ದೂ ಬರುತ್ತದೆ. ವಾರಿಯರ್‌ಗೆ ಶಕ್ತಿ ಬರುವುದು ರೇಜ್‌ನಿಂದ, ಅಂದರೆ ಮುಖ್ಯವಾಗಿ ಹೊಡೆದಾಗ ಮತ್ತು ಹೊಡೆಸಿಕೊಂಡಾಗ. ಜಗಳ ಶುರುವಾಗುವಾಗ ಕೈ ಹೆಚ್ಚುಕಡಿಮೆ ಖಾಲಿ. ತನ್ನ ಗಾಯ ತಾನೇ ವಾಸಿ ಮಾಡಿಕೊಳ್ಳುವ ಮಂತ್ರವೂ ಇಲ್ಲ, ಬ್ಯಾಂಡೇಜ್ ಕಟ್ಟಿಕೊಳ್ಳಬೇಕು, ಇಲ್ಲವೇ ಕೂತು ತಿನ್ನಬೇಕು. ಮೊದಲ ಲೆವೆಲ್‌ಗಳಲ್ಲಿ ಸಿಗುವ ಒಣ ಬ್ರೆಡ್ ತಿಂದು ಮುಗಿಸಲು 18 ಸೆಕೆಂಡ್. ಒಂದು ಜಗಳ, 18 ಸೆಕೆಂಡ್ ಬ್ರೆಡ್. ಇನ್ನೊಂದು ಜಗಳ, ಮತ್ತೆ 18 ಸೆಕೆಂಡ್. ಎರಡು ಒಟ್ಟಿಗೆ ಬಂದರೆ ಓಟ, ಇಲ್ಲವೇ ಸಾವು. ಸತ್ತರೆ ಸ್ಮಶಾನದಿಂದ ಹೆಣದ ತನಕ ಆತ್ಮವಾಗಿ ನಡೆಯಬೇಕು. 22ನೇ ಲೆವೆಲ್‌ನಲ್ಲಿ ಬಿಟ್ಟುಬಿಟ್ಟೆ. ಕ್ಲಾಸ್ ಕೆಟ್ಟದ್ದಲ್ಲ. ಜೊತೆಗೆ ಒಬ್ಬರಿದ್ದರೆ ಅರಳುವ ಕ್ಲಾಸ್ ಅದು, ನಾನು ಒಬ್ಬಳೇ ಇದ್ದೆ.

ಆಮೇಲೆ ಪ್ರೀಸ್ಟ್ ಮಾಡಿದೆ. ಪ್ರೀಸ್ಟ್ ಅಂದರೆ ಬರೀ ವಾಸಿ ಮಾಡುವವಳು, ಒಬ್ಬಳೇ ಆಡಲು ಆಗುವುದಿಲ್ಲ ಅಂತ ತುಂಬಾ ಜನ ಹೇಳಿದ್ದರು. ಆಡಿ ನೋಡಿದರೆ ಹಾಗಿಲ್ಲ. 5ನೇ ಲೆವೆಲ್‌ಗೇ ಕೈಗೆ ಒಂದು ವಾಂಡ್, ಅಂದರೆ ಮಂತ್ರದ ಕೋಲು, ಬರುತ್ತದೆ, ಎಂಚಾಂಟಿಂಗ್ ಎಂಬ ಕಸುಬು ಕಲಿತ ಆಟಗಾರರು ಮಾಡಿಕೊಡುತ್ತಾರೆ. 6ನೇ ಲೆವೆಲ್‌ನಲ್ಲಿ ಶೀಲ್ಡ್ ಮಂತ್ರ ಬರುತ್ತದೆ. ಮೊದಲು ಮೈಮೇಲೆ ಶೀಲ್ಡ್, ಎದುರಾಳಿಗೆ ನಿಧಾನವಾಗಿ ನೋಯಿಸುವ ಒಂದು ಮಂತ್ರ, ಉಳಿದದ್ದನ್ನು ವಾಂಡ್ ಮುಗಿಸುತ್ತದೆ. ವಾಂಡ್‌ಗೆ ಮಾನಾ, ಅಂದರೆ ಮಂತ್ರ ಹಾಕಲು ಖರ್ಚಾಗುವ ಶಕ್ತಿ, ಬೇಕಿಲ್ಲ. ಈ ಆಟದಲ್ಲಿ ಮಂತ್ರ ಹಾಕಿ 5 ಸೆಕೆಂಡ್ ಬೇರೆ ಮಂತ್ರ ಹಾಕದೆ ಇದ್ದರೆ ಪಾತ್ರದ ಸ್ಪಿರಿಟ್ ಎಂಬ ಗುಣದಿಂದ ಮಾನಾ ತಾನಾಗಿ ತುಂಬಲು ಶುರುವಾಗುತ್ತದೆ. ಅಂದರೆ ವಾಂಡ್ ಹೊಡೆಯುತ್ತಾ ಇರುವಾಗಲೇ ಮುಂದಿನ ಜಗಳಕ್ಕೆ ಮಾನಾ ಸಿದ್ಧವಾಗುತ್ತಿರುತ್ತದೆ. ಮಾನಾಗಾಗಿ ಕೂತು ನೀರು ಕುಡಿಯುವುದು ಎಷ್ಟೋ ಕಡಿಮೆಯಾಯಿತು.

ಆದರೆ ನಾನು ಪ್ರೀಸ್ಟ್‌ಗೆ ಮನಸೋತಿದ್ದು ಡೆಡ್‌ಮೈನ್ಸ್ ಎಂಬ ಡಂಜನ್‌ನಲ್ಲಿ, ಅಂದರೆ ಐದು ಜನ ಸೇರಿ ಹೋಗುವ ಜಾಗದಲ್ಲಿ. ವೆಸ್ಟ್‌ಫಾಲ್‌ನ ಪಾಳುಬಿದ್ದ ಊರಿನ ಅಡಿಯಲ್ಲಿರುವ ಗಣಿ ಅದು. ಕೊನೆಗೆ ಗುಹೆಯೊಳಗೇ ಒಂದು ದೊಡ್ಡ ಹಡಗು ನಿಂತಿರುತ್ತದೆ. ಆ ಹಡಗಿನ ಮೇಲೆ ಮಿಸ್ಟರ್ ಸ್ಮೈಟ್ ಅಂತ ಗೂಳಿಮುಖದ ಟಾರೆನ್ ಕುಲದ ಒಬ್ಬ ಇದ್ದಾನೆ. ಅವನ ಜೀವ ಮೂರನೇ ಒಂದು ಪಾಲು ಇಳಿದ ಕೂಡಲೇ ಕಾಲು ಅಪ್ಪಳಿಸುತ್ತಾನೆ. ಐದೂ ಜನ ಕಲ್ಲಾಗಿ ನಿಲ್ಲುತ್ತಾರೆ. ಅವನು ಆರಾಮಾಗಿ ಪೆಟ್ಟಿಗೆಯ ಹತ್ತಿರ ಹೋಗಿ ಬೇರೆ ಆಯುಧ ತೆಗೆದುಕೊಂಡು ಬರುತ್ತಾನೆ. ಅಷ್ಟು ಹೊತ್ತು ನಾನು ಏನೂ ಮಾಡುವ ಹಾಗಿಲ್ಲ. ಅವನ ಜೊತೆಗಿದ್ದ ಒಬ್ಬ ಡಕಾಯಿತ ನಮ್ಮ ಟ್ಯಾಂಕ್‌ನನ್ನು, ಅಂದರೆ ಮುಂದೆ ನಿಂತು ಪೆಟ್ಟು ತಿನ್ನುವವನನ್ನು, ಕುಕ್ಕುತ್ತಲೇ ಇದ್ದ. ಟ್ಯಾಂಕ್‌ನ ಜೀವ ತೋರಿಸುವ ಹಸಿರು ಪಟ್ಟಿ ಇಳಿಯುತ್ತಿತ್ತು. ಆದರೆ ಸ್ಮೈಟ್ ಕಾಲು ಎತ್ತುವ ಮೊದಲೇ ನಾನು ಟ್ಯಾಂಕ್ ಮೇಲೆ ರಿನ್ಯೂ ಹಾಕಿದ್ದೆ. ಆ ಮಂತ್ರ 15 ಸೆಕೆಂಡ್ ಉಳಿಯುತ್ತದೆ, 3 ಸೆಕೆಂಡಿಗೊಮ್ಮೆ ಸ್ವಲ್ಪ ಸ್ವಲ್ಪ ಜೀವ ತುಂಬುತ್ತದೆ. ಇಳಿದ ಪಟ್ಟಿ ಒಂದಿಷ್ಟು ಏರಿತು, ಮತ್ತೆ ಇಳಿಯಿತು, ಮತ್ತೆ ಏರಿತು. ನನ್ನ ಬೆರಳು ಕೀಲಿ ಮೇಲೆ ಹಾಗೇ ನಿಂತಿತ್ತು. ಟ್ಯಾಂಕ್ ಉಳಿದ. ಆ ಗ್ರೂಪ್‌ನಲ್ಲಿ ಯಾರೂ ಅದನ್ನು ಗಮನಿಸಿರಲಿಕ್ಕಿಲ್ಲ. ನನಗೆ ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಮದುವೆ ಮನೆಯಲ್ಲಿ ಬಡಿಸುವವರನ್ನು ನೋಡಿದ್ದೀಯಲ್ವಾ? ಪಂಕ್ತಿಯ ಆ ತುದಿಯ ಎಲೆಯಲ್ಲಿ ಅನ್ನ ಮುಗಿಯುತ್ತಾ ಬಂದಿದೆ ಅಂತ ಇಲ್ಲಿಂದಲೇ ಗೊತ್ತಾಗುತ್ತದೆ ಅವರಿಗೆ. ಹೀಲರ್, ಅಂದರೆ ವಾಸಿ ಮಾಡುವವರ, ಕಣ್ಣು ಹಾಗೆ ಇರಬೇಕು. ಊಟಕ್ಕೆ ಕೂರುವುದಕ್ಕಿಂತ ಬಡಿಸುವುದೇ ನಿನಗೆ ಇಷ್ಟವಾಗುತ್ತದೆ ಅಂದರೆ ಯೋಚನೆಯೇ ಬೇಡ, ಪ್ರೀಸ್ಟ್ ತಗೋ. ಎಲ್ಲ ಗ್ರೂಪ್‌ಗಳೂ ಹೀಲರ್‌ಗಾಗಿ ಕಾಯುತ್ತಿರುತ್ತವೆ.

ನಿನ್ನ ಪತ್ರದಲ್ಲಿ ಒಬ್ಬನೇ ಆಡುತ್ತೀಯೋ, ರೂಮ್‌ಮೇಟ್ ಜೊತೆಯೋ ಅಂತ ಬರೆದಿಲ್ಲ. ಒಬ್ಬನೇ ಆದರೆ ಹಂಟರ್ ನೋಡು. 10ನೇ ಲೆವೆಲ್‌ನಲ್ಲಿ ಒಂದು ಪ್ರಾಣಿಯನ್ನು ಪಳಗಿಸಬಹುದು. ಅದು ಮುಂದೆ ನಿಂತು ಹೊಡೆಸಿಕೊಳ್ಳುತ್ತದೆ, ನೀನು ಹಿಂದಿನಿಂದ ಬಾಣ ಬಿಡುತ್ತೀಯ. ಆದರೆ ಅದಕ್ಕೆ ಹೊತ್ತುಹೊತ್ತಿಗೆ ಊಟ ಹಾಕಬೇಕು. ತೀರಾ ಬೇಸರವಾದರೆ ಬಿಟ್ಟು ಓಡಿಹೋಗುತ್ತದೆ. ಮನುಷ್ಯ ಕುಲದಲ್ಲಿ ಹಂಟರ್ ಇಲ್ಲ, ಡ್ವಾರ್ಫ್ ಅಥವಾ ನೈಟ್ ಎಲ್ಫ್ ಆರಿಸು. ವಾರ್ಲಾಕ್ ಕೂಡ ಒಬ್ಬನೇ ಆಡುವವನಿಗೆ ಒಳ್ಳೆಯದು. ಅವನ ಜೊತೆ ಭೂತ ಇರುತ್ತದೆ, 40ನೇ ಲೆವೆಲ್‌ಗೆ ಕುದುರೆ ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತದೆ. ಉಳಿದ ಹೆಚ್ಚಿನವರು ಸವಾರಿಯ ಪ್ರಾಣಿಗಾಗಿ ಎಷ್ಟು ದಿನ ಚಿನ್ನ ಕೂಡಿಡುತ್ತಾರೆ ಅಂತ ನಿನಗೆ ಆಗ ಗೊತ್ತಾಗುತ್ತದೆ. ಮೇಜ್ ಬಗ್ಗೆ ನಿನ್ನ ದೊಡ್ಡಪ್ಪನ ಮಗ ಹೇಳಿದ್ದರಲ್ಲೂ ತಪ್ಪಿಲ್ಲ. ತನ್ನ ನೀರು, ತನ್ನ ಊಟ ತಾನೇ ಮಂತ್ರದಿಂದ ಮಾಡಿಕೊಳ್ಳುತ್ತಾನೆ. ಮೈ ಮಾತ್ರ ತೆಳು, ಓಡಿ ಓಡಿ ಹೊಡೆಯುವ ಅಭ್ಯಾಸ ಆಗಬೇಕು.

ಈಗ ಮಾಡಬೇಕಾದ್ದು ಇಷ್ಟು. ಈ ಪಟ್ಟಿಗಳನ್ನು ಮುಚ್ಚಿಡು. ಮನಸ್ಸು ಎಳೆಯುವ ಮೂರು ಕ್ಲಾಸ್ ಆರಿಸಿ ಮೂರನ್ನೂ 10ನೇ ಲೆವೆಲ್‌ಗೆ ಒಯ್ಯಿ. ಒಂದೊಂದಕ್ಕೆ ಕೆಲವು ಗಂಟೆ ಅಷ್ಟೇ. 10ರಲ್ಲಿ ಟ್ಯಾಲೆಂಟ್, ಅಂದರೆ ನೀನೇ ಆರಿಸಿಕೊಳ್ಳುವ ಹೆಚ್ಚಿನ ಶಕ್ತಿ, ಶುರುವಾಗುತ್ತದೆ, ಕ್ಲಾಸ್‌ನ ನಿಜವಾದ ಮುಖ ಕಾಣುತ್ತದೆ. ಗೆದ್ದಾಗ ಎಲ್ಲವೂ ಚೆನ್ನಾಗಿಯೇ ಅನಿಸುತ್ತದೆ, ಅದನ್ನು ನಂಬಬೇಡ. ಸತ್ತಾಗ ನೋಡು. ವಾರಿಯರ್ ಸತ್ತರೆ ನಾನು ಕಂಪ್ಯೂಟರ್ ಆರಿಸಿಬಿಡುತ್ತಿದ್ದೆ. ಪ್ರೀಸ್ಟ್ ಸತ್ತರೆ, ಶೀಲ್ಡ್ ಎರಡು ಸೆಕೆಂಡ್ ಮೊದಲೇ ಹಾಕಬೇಕಿತ್ತು ಅಂದುಕೊಂಡು ಹೆಣದ ಕಡೆ ಓಡುತ್ತಿದ್ದೆ.

ಪ್ರಶ್ನೆ: ಮಗ ಪಿಯುಸಿ. ಅವನು ಈ ಆಟದಲ್ಲಿ ಮೇಜ್. ‘ಅಮ್ಮಾ, ನೀನೂ ಬಾ’ ಅಂತ ಒಂದೇ ಸಮ ಕರೆಯುತ್ತಾನೆ. ಮುಂದೆ ಹಾಸ್ಟೆಲ್‌ಗೆ ಹೋಗಿಬಿಡುತ್ತಾನೆ, ಈಗಲೇ ಕೂರೋಣ ಅಂತ ಆಸೆ. ರಾತ್ರಿ ಊಟ ಆದ ಮೇಲೆ 40 ನಿಮಿಷ ಸಿಗುತ್ತದೆ. ಅದರಲ್ಲೂ ಅತ್ತೆಯವರ ಮಾತ್ರೆ, ಹಾಲು ಹೆಪ್ಪು ಹಾಕುವುದು ಅಂತ ಎದ್ದೇಳುತ್ತಲೇ ಇರಬೇಕು. ನನಗೆ ಕೀಬೋರ್ಡ್ ಮೇಲೆ ಬೇಗ ಬೇಗ ಕೈ ಓಡುವುದಿಲ್ಲ.
— ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಖಂಡಿತ ಕೂರಿ.

ಈ ಆಟದಲ್ಲಿ ಅಲಯನ್ಸ್, ಹೋರ್ಡ್ ಅಂತ ಎರಡು ಪಕ್ಷಗಳಿವೆ. ಮಗ ಅಲಯನ್ಸ್ ಕಡೆ ಇದ್ದರೆ ನೀವು ಪ್ಯಾಲಡಿನ್ ಆಗಿ. ಕವಚ ಗಟ್ಟಿ, ಸುಲಭಕ್ಕೆ ಸಾಯುವುದಿಲ್ಲ. ಸೀಲ್ ಎಂಬ ಒಂದು ಮಂತ್ರ ಹಾಕಿ ಎದುರಾಳಿಯ ಮುಂದೆ ನಿಂತರೆ ಕೈಯಲ್ಲಿರುವ ಸುತ್ತಿಗೆ ತಾನೇ ಬೀಸುತ್ತಿರುತ್ತದೆ. ಹತ್ತು ಕೀಲಿ ಒತ್ತಬೇಕಾಗಿಲ್ಲ. ಇದನ್ನು ನಿಧಾನದ ಕ್ಲಾಸ್ ಅಂತ ಬೈಯುವವರಿದ್ದಾರೆ, ನಿಮಗೆ ಬೇಕಾಗಿರುವುದು ಆ ನಿಧಾನವೇ. ಮಗನಿಗೆ ಹರಸುವ ಮಂತ್ರಗಳೂ ಇವೆ. 10ನೇ ಲೆವೆಲ್‌ನಲ್ಲಿ ಬ್ಲೆಸಿಂಗ್ ಆಫ್ ಪ್ರೊಟೆಕ್ಷನ್ ಅಂತ ಒಂದು ಬರುತ್ತದೆ. ಮಗನ ಮೇಲೆ ಯಾವುದಾದರೂ ಮೃಗ ಎರಗಿದಾಗ ಅದನ್ನು ಹಾಕಿ. 6 ಸೆಕೆಂಡ್ ಅದರ ಒಂದು ಪೆಟ್ಟೂ ಅವನಿಗೆ ತಾಗುವುದಿಲ್ಲ. ನಿಮಗೆ ಮಾನಾ ಮುಗಿದಾಗ ಅವನು ಮಂತ್ರದ ನೀರು ಮಾಡಿ ನಿಮ್ಮ ಕೈಗೆ ಕೊಡುತ್ತಾನೆ, ಮೇಜ್ ಬೇರೆಯವರಿಗೂ ನೀರು ಕೊಡಬಹುದು.

ಅವನು ಹೋರ್ಡ್ ಕಡೆ ಇದ್ದರೆ ಕ್ಲಾಸಿಕ್‌ನಲ್ಲಿ ಪ್ಯಾಲಡಿನ್ ಸಿಗುವುದಿಲ್ಲ. ಆಗ ಹಂಟರ್ ತಗೊಳ್ಳಿ.

ಇನ್ನೊಂದು ಮಾತು. ಎದ್ದು ಹೋಗುವ ಮೊದಲು ಊರಿನ ಇನ್ ಒಳಗೆ ಹೋಗಿ ಲಾಗ್‌ಔಟ್ ಮಾಡಿ. ಇನ್ ಅಂದರೆ ಛತ್ರ ಇದ್ದ ಹಾಗೆ. ಅಲ್ಲಿ ಮಲಗಿಸಿ ಬಂದರೆ ನಿಮ್ಮ ಪಾತ್ರ ದಣಿವಾರಿಸಿಕೊಳ್ಳುತ್ತದೆ. ಪ್ರತಿ 8 ಗಂಟೆಗೆ ಒಂದು ಲೆವೆಲ್‌ನ 5 ಶೇಕಡಾದಷ್ಟು ವಿಶ್ರಾಂತಿ ಕೂಡುತ್ತದೆ. ಅದು ಖರ್ಚಾಗುವ ತನಕ ಮೃಗ ಹೊಡೆದಾಗ ಅನುಭವದ ಅಂಕ ಎರಡರಷ್ಟು ಬರುತ್ತದೆ. ದಿನಕ್ಕೆ 40 ನಿಮಿಷ ಆಡುವವರಿಗೆ ಈ ಲಾಭ ಜಾಸ್ತಿ. ಮಗನಿಗೆ ಮಾತ್ರ ಒಂದು ಷರತ್ತು ಹಾಕಿ, ನಿಮ್ಮ ಜೊತೆ ಆಡಲು ಹೊಸ ಮೇಜ್ ಮಾಡಿಕೊಳ್ಳಲಿ. ಅವನು 40ನೇ ಲೆವೆಲ್, ನೀವು 4ನೇ ಲೆವೆಲ್ ಆದರೆ ನೀವು ಸುಮ್ನೆ ಅವನ ಹಿಂದೆ ನಡೆಯಬೇಕಾಗುತ್ತದೆ.

ಪ್ರಶ್ನೆ: 30ನೇ ಲೆವೆಲ್‌ಗೆ ಬಂದ ಮೇಲೆ ರೋಗ್, ಅಂದರೆ ಕಳ್ಳನ ಕ್ಲಾಸ್, ಬೇಸರವಾಗಿದೆ. ಅದನ್ನೇ ಡ್ರುಯಿಡ್ ಎಂಬ ಬೇರೆ ಕ್ಲಾಸ್ ಮಾಡಲು ಬರುತ್ತದಾ?
— ಶಿರಸಿಯ ಓದುಗ

ಉತ್ತರ: ಬರುವುದಿಲ್ಲ. ಟ್ಯಾಲೆಂಟ್ ಬದಲಿಸಬಹುದು, ಮೊದಲ ಸಲ 1 ಚಿನ್ನ, ಆಮೇಲೆ ಏರುತ್ತಾ 50ರವರೆಗೆ ಹೋಗುತ್ತದೆ. ಕ್ಲಾಸ್ ಮಾತ್ರ ಹುಟ್ಟಿನಿಂದ ಬಂದದ್ದು. ಆದರೆ ರೋಗ್ ಅಳಿಸಬೇಡಿ. ಬೀಗ ತೆಗೆಯುವ ಕೆಲಸಕ್ಕೆ ಎಲ್ಲರೂ ರೋಗ್‌ನನ್ನೇ ಹುಡುಕುತ್ತಾರೆ, ಒಂದು ದಿನ ಮತ್ತೆ ಬೇಕಾಗುತ್ತಾನೆ.

ಎಲ್ಲ ಕ್ಲಾಸ್‌ಗಳನ್ನೂ ರುಚಿ ನೋಡುವ ಸ್ವಭಾವ ನಿಮ್ಮದಾದರೆ ಫೈನಲ್ ಫ್ಯಾಂಟಸಿ 14 ಎಂಬ ಇನ್ನೊಂದು ಆಟ ಆಡಿ ನೋಡಿ. ಅಲ್ಲಿ ಒಂದೇ ಪಾತ್ರ ಎಲ್ಲ ವಿದ್ಯೆಯನ್ನೂ ಕಲಿಯಬಹುದು. ಮೊದಲ ಕ್ಲಾಸ್‌ನಲ್ಲಿ 10ನೇ ಲೆವೆಲ್ ಮುಟ್ಟಿ ಅದರ ಕ್ವೆಸ್ಟ್ ಮುಗಿಸಿದರೆ ಬೇರೆ ಕ್ಲಾಸ್ ಗುರುಗಳ ಹತ್ತಿರ ಹೋಗಬಹುದು. ಆಮೇಲೆ ಕೈಯಲ್ಲಿರುವ ಆಯುಧ ಬದಲಿಸಿದರೆ ಕ್ಲಾಸ್ ಬದಲಾಯಿತು. ಮೊದಲ ಆಯ್ಕೆ ಅಲ್ಲಿ ನಿರ್ಧರಿಸುವುದು ಮುಖ್ಯವಾಗಿ ನೀವು ಯಾವ ಊರಿನಲ್ಲಿ ಶುರುಮಾಡುತ್ತೀರಿ ಎಂಬುದನ್ನು. ಕಾಂಜುರರ್ ಆದರೆ ಕಾಡಿನ ನಡುವಿನ ಗ್ರಿಡಾನಿಯಾ, ಆರ್ಕನಿಸ್ಟ್ ಆದರೆ ಸಮುದ್ರದ ಲಿಮ್ಸಾ ಲೊಮಿನ್ಸಾ. ಹಣ ಕೊಡದೆ 70ನೇ ಲೆವೆಲ್‌ವರೆಗೂ ಆಡಲು ಬಿಡುತ್ತಾರೆ.

ಪ್ರಶ್ನೆ: ನಾನು ಟೊರಾಂಟೋದಲ್ಲಿ, ತಮ್ಮ ಬೆಂಗಳೂರಿನಲ್ಲಿ. ಫೋನಿನಲ್ಲಿ ‘ಊಟ ಆಯ್ತಾ’ ಬಿಟ್ಟರೆ ಮಾತಿಲ್ಲ. ಇಬ್ಬರೂ ಸೇರಿ ಕ್ಲಾಸಿಕ್ ಆಡೋಣ ಅಂತಿದ್ದೇವೆ. ಯಾವ ಎರಡು ಕ್ಲಾಸ್ ಚೆನ್ನಾಗಿ ಹೊಂದುತ್ತವೆ?
— ಟೊರಾಂಟೋದ ಓದುಗರು

ಉತ್ತರ: ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ನಿಮ್ಮ ಶನಿವಾರ ರಾತ್ರಿ 9 ಅಂದರೆ ಬೇಸಿಗೆಯಲ್ಲಿ ಅವರಿಗೆ ಭಾನುವಾರ ಬೆಳಿಗ್ಗೆ 6.30, ಚಳಿಗಾಲದಲ್ಲಿ 7.30. ಅದು ಒಳ್ಳೆಯ ಹೊತ್ತು. ಇಬ್ಬರೂ ಒಂದೇ ರೆಲ್ಮ್ (ಅಂದರೆ ಸರ್ವರ್), ಒಂದೇ ಪಕ್ಷ ಆರಿಸಿ. ಒಬ್ಬರು ಅಲಯನ್ಸ್, ಒಬ್ಬರು ಹೋರ್ಡ್ ಆದರೆ ಬರೆದ ಮಾತೂ ಅರ್ಥವಾಗದ ಹಾಗೆ ಆಟ ಕಲಸಿಬಿಡುತ್ತದೆ. ಭಾರತದಲ್ಲಿ ಸರ್ವರ್ ಇಲ್ಲ, ಹಾಗಾಗಿ ನಿಮ್ಮ ತಮ್ಮನಿಗೆ ಪಿಂಗ್, ಅಂದರೆ ಸರ್ವರ್‌ಗೆ ಹೋಗಿಬರುವ ತಡ, ಸ್ವಲ್ಪ ಜಾಸ್ತಿಯೇ ಇರುತ್ತದೆ. ಭಯ ಬೇಡ. ಕ್ಲಾಸಿಕ್‌ನಲ್ಲಿ ಒಂದು ಮಂತ್ರಕ್ಕೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ ಒಂದೂವರೆ ಸೆಕೆಂಡ್ ಬಿಡುವು ಇದ್ದೇ ಇರುತ್ತದೆ, ಅಷ್ಟರಲ್ಲಿ ತಡ ಮುಚ್ಚಿಹೋಗುತ್ತದೆ. ಆದರೂ ಎದುರಾಳಿಯ ಹಿಂದೆ ಹಿಂದೆ ಓಡಬೇಕಾದ ಕ್ಲಾಸ್ ನಿಮಗಿರಲಿ, ದೂರ ನಿಂತು ಮಾಡುವುದು ಅವರಿಗಿರಲಿ.

ನನ್ನನ್ನು ಕೇಳಿದರೆ ನೀವು ವಾರಿಯರ್, ತಮ್ಮ ಪ್ರೀಸ್ಟ್. ಸಿಕ್ಕಿದ ಬಟ್ಟೆ ಆಯುಧಗಳಿಗೂ ಜಗಳವಿಲ್ಲ. ಕಬ್ಬಿಣದ್ದು ನಿಮಗೆ, ಬಟ್ಟೆಯದು ಅವರಿಗೆ. ಹಿಂದೆ ಒಬ್ಬರು ಶೀಲ್ಡ್ ಹಿಡಿದು ನಿಂತಿದ್ದಾರೆ ಅಂದರೆ ವಾರಿಯರ್ ಬೇರೆಯೇ ಪ್ರಾಣಿ. ಈ ಎರಡು ಪಾತ್ರಗಳನ್ನು ಒಟ್ಟಿಗೆ ಇರುವಾಗ ಮಾತ್ರ ತೆಗೆಯಿರಿ. ಒಬ್ಬರು ವಾರದ ನಡುವೆ ಕದ್ದು ಆಡಿ ಐದು ಲೆವೆಲ್ ಮುಂದೆ ಹೋದರೆ ಈ ಆಟ ಮುರಿಯುತ್ತದೆ. ಕೈ ತಡೆಯದಿದ್ದರೆ ಬೇರೆ ಹಂಟರ್ ಒಂದನ್ನು ಇಟ್ಟುಕೊಳ್ಳಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನಾನು 22ನೇ ಲೆವೆಲ್‌ನಲ್ಲಿ ಬಿಟ್ಟ ಆ ವಾರಿಯರ್ ಹುಡುಗಿಯನ್ನು ಹೋದ ವರ್ಷ ಮತ್ತೆ ತೆಗೆದೆ. ನನ್ನ ತಂಗಿ ಮಸ್ಕತ್‌ನಲ್ಲಿದ್ದಾಳೆ. ಅವಳು ಒಂದು ಪ್ರೀಸ್ಟ್ ಮಾಡಿ, ನನ್ನ ಲೆವೆಲ್‌ಗೆ ಬರುವ ತನಕ ಒಬ್ಬಳೇ ಆಡಿ ಬಂದಳು. ಈಗ ಪ್ರತಿ ಶುಕ್ರವಾರ ಕೂರುತ್ತೇವೆ. ಮೊನ್ನೆ ನಾಲ್ಕು ಓರ್ಕ್‌ಗಳು ಒಟ್ಟಿಗೆ ಬಂದವು. ಓಡೋಣ ಅಂತ ನಾನು ತಿರುಗುವಷ್ಟರಲ್ಲಿ ‘ನಿಂತ್ಕೋ ಅಕ್ಕ, ನಾನಿದ್ದೀನಿ’ ಅಂದಳು. ನಿಂತೆ. ಇಬ್ಬರೂ 31ನೇ ಲೆವೆಲ್.