ಎರಡು ಬಾಹು ಸಮ, ಒಂದು ಕೋನ ಸಮ, ಅಂಕ ಮಾತ್ರ ಇಲ್ಲ

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಎರಡು ತ್ರಿಭುಜ ಸರ್ವಸಮ (ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಕೂರುವಂಥವು) ಎಂದು ಸಾಧಿಸುವ ಲೆಕ್ಕದಲ್ಲಿ ಎರಡು ಬಾಹು, ಒಂದು ಕೋನ ಸಮ ಎಂದು ತೋರಿಸಿ ‘ಬಾ.ಕೋ.ಬಾ’ (ಬಾಹು-ಕೋನ-ಬಾಹು ನಿಯಮ) ಬರೆದಿದ್ದಳು. ಮೂರಕ್ಕೆ ಒಂದೇ ಅಂಕ. ‘ಕೋನ ಮಧ್ಯದಲ್ಲಿಲ್ಲ’ ಎಂದು ಟೀಚರ್ ಬರೆದಿದ್ದಾರೆ. ಕೋನ ಎಲ್ಲಿದ್ದರೇನು, ಅಳತೆ ಒಂದೇ ಅಲ್ವಾ?
– ಒಬ್ಬ ತಾಯಿ, ವಿರಾಜಪೇಟೆ

ಉತ್ತರ: ನಾನು ಸೋಮವಾರಪೇಟೆ ಕಡೆ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವನು. ಇದೇ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. ಬೋರ್ಡಿನ ಮೇಲೆ ಎಷ್ಟು ಹೇಳಿದರೂ ಮಕ್ಕಳಿಗೆ ನಾಟುತ್ತಿರಲಿಲ್ಲ. ಒಂದು ವರ್ಷ ಪಕ್ಕದ ತೋಟದ ಕಾಫಿ ಕಣಕ್ಕೆ ಕರೆದುಕೊಂಡು ಹೋದೆ. ಕೊಯ್ಲು ಶುರುವಾಗಿರಲಿಲ್ಲ, ಸಿಮೆಂಟಿನ ಕಣ ಖಾಲಿ ಇತ್ತು.

ಚಾಕ್‌ಪೀಸಿನಲ್ಲಿ ಉದ್ದಕ್ಕೆ ಒಂದು ನೇರ ಗೆರೆ ಎಳೆದೆವು. ಅದರ ತುದಿ ‘ಎ’. ಅಲ್ಲಿಂದ 30 ಡಿಗ್ರಿ ಓರೆಯಾಗಿ 10 ಅಡಿ ಎಳೆದು ‘ಬಿ’ ಎಂದು ಗುರುತು ಹಾಕಿದೆವು. ಬಿ ಹತ್ತಿರ ಒಬ್ಬ ಹುಡುಗ 6 ಅಡಿ ಹಗ್ಗದ ತುದಿಯನ್ನು ಕಾಲಲ್ಲಿ ಒತ್ತಿ ನಿಂತ. ಇನ್ನೊಂದು ತುದಿ ಹಿಡಿದ ಹುಡುಗಿ ಹಗ್ಗ ಬಿಗಿ ಮಾಡಿಕೊಂಡೇ ಸುತ್ತು ಬಂದಳು. ಅವಳು ಗೆರೆ ತುಳಿದದ್ದು ಎರಡು ಕಡೆ! ಎ ಇಂದ ಸುಮಾರು 5 ಅಡಿ 4 ಇಂಚಿಗೆ ಒಮ್ಮೆ, ಹೆಚ್ಚುಕಡಿಮೆ 12 ಅಡಿಗೆ ಇನ್ನೊಮ್ಮೆ.

ಅದೇ 30 ಡಿಗ್ರಿ, ಅದೇ 10 ಅಡಿ, ಅದೇ 6 ಅಡಿ. ಎರಡು ಬಾಹು ಸೇರುವುದು ಬಿ ಹತ್ತಿರ, ಕೋನ ಇರುವುದು ಎ ಹತ್ತಿರ. ತ್ರಿಭುಜ ಮಾತ್ರ ಎರಡು, ಒಂದು ಗಿಡ್ಡ, ಒಂದು ಉದ್ದ. ನಿಮ್ಮ ಮಗಳು ತೋರಿಸಿದ ಮೂರು ಅಳತೆ ಇಟ್ಟುಕೊಂಡರೆ ಇವೆರಡರಲ್ಲಿ ಯಾವುದು ಎಂದು ಹೇಳಲು ಬರುವುದಿಲ್ಲ. ಟೀಚರ್ ಅಂಕ ಕಳೆದದ್ದು ಸರಿಯೇ. ಆದರೆ ಆ ಎರಡು ಪದದ ಜೊತೆ ಒಂದು ಚಿತ್ರ ಹಾಕಿಕೊಡಬೇಕಿತ್ತು ಅಂತ ನನಗೆ ಅನಿಸುತ್ತದೆ.

ಕೋನ ಎರಡು ಬಾಹು ಸೇರುವ ಮೂಲೆಯಲ್ಲೇ ಇದ್ದರೆ ಈ ತೊಂದರೆ ಇಲ್ಲ. ಎರಡು ಕಡ್ಡಿಯ ತುದಿ ಜೋಡಿಸಿ, ನಡುವಿನ ಕೋನ ಅಲ್ಲಾಡದಂತೆ ಕಟ್ಟಿ ನೋಡಿ. ಉಳಿದ ಎರಡು ತುದಿಗಳ ಅಂತರ ಒಂದೇ ಆಗಿರುತ್ತದೆ, ಬದಲಾಗಲು ಜಾಗವೇ ಇಲ್ಲ.

ಮಗಳಿಗೆ ಹೀಗೆ ಹೇಳಿ: ಸಮ ಇರುವ ಬಾಹುಗಳಿಗೆ ಮೊದಲು ಪೆನ್ಸಿಲಿನಲ್ಲಿ ಗುರುತು ಹಾಕು, ಅವು ಸೇರುವ ಶೃಂಗದ ಮೇಲೆ ಬೆರಳಿಡು. ಕೋನ ಅಲ್ಲಿಲ್ಲದಿದ್ದರೆ ಬಾ.ಕೋ.ಬಾ ಬರೆಯಬೇಡ. ಎರಡಕ್ಕೂ ಸಾಮಾನ್ಯ ಬಾಹು ಇದೆಯಾ, ಶೃಂಗಾಭಿಮುಖ ಕೋನ (ಎರಡು ಗೆರೆ ಒಂದನ್ನೊಂದು ಹಾಯುವಲ್ಲಿ ಎದುರುಬದುರು ಬರುವ ಸಮ ಕೋನ) ಸಿಗುತ್ತದಾ ಹುಡುಕು.

ಇನ್ನೊಂದು ಮಾತು. ಮಧ್ಯದಲ್ಲಿಲ್ಲದ ಆ ಕೋನ 90 ಡಿಗ್ರಿ ಇದ್ದರೆ ಕಥೆ ಬೇರೆ. ಗೆರೆಯನ್ನು ಎ ದಾಟಿ ಆಚೆಗೂ ಎಳೆದು, ಬಿ ಬಿಂದು ಎ ಇಂದ ಗೆರೆಗೆ ಲಂಬವಾಗಿ 6 ಅಡಿ ದೂರ, ಹಗ್ಗ 10 ಅಡಿ ಎಂದುಕೊಳ್ಳಿ. ಆಗಲೂ ಹಗ್ಗ ಎರಡು ಕಡೆ ಮುಟ್ಟುತ್ತದೆ. ಆದರೆ ಎ ಇಂದ ಆಚೆ 8 ಅಡಿ, ಈಚೆ 8 ಅಡಿ. ಎರಡೂ ಸರ್ವಸಮ. ಅದೇ ಲಂ.ವಿ.ಬಾ, ಅಂದರೆ ಲಂಬಕೋನ-ವಿಕರ್ಣ-ಬಾಹು ನಿಯಮ. ಮಗಳ ಚಿತ್ರದಲ್ಲಿ ಲಂಬಕೋನದ ಗುರುತೇನಾದರೂ ಇತ್ತಾ, ಉತ್ತರಪತ್ರಿಕೆ ತೆಗೆದು ಒಮ್ಮೆ ನೋಡಿ.