ರೇಷ್ಮೆ ಹುಳುವಿನ ಪುಸ್ತಕಕ್ಕೆ ಯಾವ ಕಾಗದ, ಯಾವ ಬಣ್ಣ?

ನಮಸ್ಕಾರ ಮೇಡಂ. ಶಿಡ್ಲಘಟ್ಟದ ಶಾಲೆ ಮಕ್ಕಳಿಗಾಗಿ ರೇಷ್ಮೆ ಹುಳುವಿನ ಬಗ್ಗೆ 24 ಪುಟದ ಚಿತ್ರಪುಸ್ತಕ ಮಾಡುತ್ತಿದ್ದೀರಿ ಅಂತ ನಮ್ಮ ಗುಂಪಿನಲ್ಲಿ ಓದಿ ತುಂಬಾ ಖುಷಿಯಾಯಿತು. ಐವರಿ ಶೀಟಿನ ಮೇಲೆ ವಾಟರ್ ಕಲರ್ ಹಾಕಿದರೆ ಕಾಗದ ಸುಕ್ಕಾಗುತ್ತದೆ, ಸ್ಕ್ಯಾನ್ ಮಾಡಿದರೆ ಹಿಪ್ಪುನೇರಳೆ ಸೊಪ್ಪಿನ ಹಸಿರೇ ಬದಲಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹುಳು ಮನೆಯಲ್ಲೇ ಬೆಳೆದ ಮಕ್ಕಳು ಅವು. ಬಣ್ಣ ತಪ್ಪಿದರೆ ತಕ್ಷಣ ಹಿಡಿಯುತ್ತಾರೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನ್ನ ಮೊದಲ ಪುಸ್ತಕದ ಕಥೆ ಹೇಳಿಬಿಡುತ್ತೇನೆ. 16 ಪುಟ, ನಮ್ಮ ಚಿಕ್ಕಬಳ್ಳಾಪುರದ ಹೂದೋಟಗಳ ಬಗ್ಗೆ. ಗುಲಾಬಿಗೆ ಅಂತ ಓಪೆರಾ ರೋಸ್ ಬಣ್ಣ ತಂದಿದ್ದೆ. ಹಾಳೆಯ ಮೇಲೆ ಹೂವು ದೀಪ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಹದಿನಾರೂ ಚಿತ್ರ ಮುಗಿಸಿಯೇ ಪ್ರೆಸ್ಸಿಗೆ ಕೊಟ್ಟೆ. ಅಚ್ಚಾಗಿ ಬಂದಾಗ ಗುಲಾಬಿಗೆಲ್ಲ ಇಟ್ಟಿಗೆ ಬಣ್ಣ. ಪ್ರೆಸ್ಸಿನವರದು ತಪ್ಪಿರಲಿಲ್ಲ. ಸಾಮಾನ್ಯವಾಗಿ ಬಣ್ಣದ ಅಚ್ಚಿಗೆ ಇರುವುದು ನಾಲ್ಕೇ ಶಾಯಿ: ಸಯಾನ್ ಅನ್ನುವ ತಿಳಿ ನೀಲಿ, ಮಜೆಂಟಾ ಅನ್ನುವ ಗುಲಾಬಿ ಕೆಂಪು, ಹಳದಿ, ಕಪ್ಪು. ಹಾಗೆ ಅಚ್ಚಾದ ಬಣ್ಣದ ಪುಟವನ್ನು ಭೂತಗನ್ನಡಿಯಲ್ಲಿ ನೋಡಿ, ಈ ನಾಲ್ಕರ ಚುಕ್ಕೆಗಳೇ ಕಾಣುತ್ತವೆ. ಓಪೆರಾ ರೋಸ್‌ನಲ್ಲಿ ಬೆಳಕು ಉಗುಳುವ ಒಂದು ಗುಣ ಇರುತ್ತದೆ, ಅದು ಈ ಚುಕ್ಕೆಗಳಲ್ಲಿ ಬರುವುದೇ ಇಲ್ಲ. ಉಜ್ವಲ ಕಿತ್ತಳೆ, ನೇರಳೆ, ಥ್ಯಾಲೋ ಹಸಿರಿನದ್ದೂ ಹೆಚ್ಚುಕಡಿಮೆ ಇದೇ ಪಾಡು. ಅಲ್ಟ್ರಾಮರೀನ್ ನೀಲಿ ಮಂಕಾಗುತ್ತದೆ, ಕೆಲವು ಸಲ ನೇರಳೆ ಕಡೆಗೆ ವಾಲುತ್ತದೆ.

ಆಮೇಲಿಂದ ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಚಿತ್ರ ಶುರು ಮಾಡುವ ಮುಂಚೆ, ಪುಸ್ತಕಕ್ಕೆ ಬಳಸುವ ಕಾಗದದಲ್ಲೇ ಅಂಗೈ ಅಗಲದ ಒಂದು ಪಟ್ಟಿ ಕತ್ತರಿಸುತ್ತೇನೆ. ಬಳಸಬೇಕೆಂದಿರುವ ಪ್ರತಿ ಬಣ್ಣವನ್ನೂ ಅದರ ಮೇಲೆ ಗಟ್ಟಿಯಿಂದ ತೆಳುವಿಗೆ ಎಳೆಯುತ್ತೇನೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಹೆಸರು. ಅದನ್ನು ಸ್ಕ್ಯಾನ್ ಮಾಡಿಸಿ, ಪುಸ್ತಕ ಅಚ್ಚಾಗುವ ಕಾಗದದ ಮೇಲೆಯೇ ಒಂದು ಪ್ರಿಂಟ್ ತೆಗೆಸಿ, ಎರಡನ್ನೂ ಬಾಗಿಲ ಹತ್ತಿರ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಡಿಜಿಟಲ್ ಪ್ರಿಂಟ್ ಪ್ರೆಸ್ಸಿನ ಆಫ್‌ಸೆಟ್ ಅಚ್ಚಿನ ಹಾಗೇ ಬರಲ್ಲ, ಆದರೂ ಯಾವ ಬಣ್ಣ ಕೈಕೊಡುತ್ತದೆ ಅಂತ ಸಾಕಷ್ಟು ಗೊತ್ತಾಗುತ್ತದೆ. ಕೈಕೊಟ್ಟದ್ದನ್ನು ಪೆಟ್ಟಿಗೆಯಿಂದಲೇ ತೆಗೆದಿಡಿ. ಅಚ್ಚಿಗೆ ಲೇಪವಿಲ್ಲದ ಮ್ಯಾಪ್ಲಿಥೋ ಕಾಗದ ಬಳಸುತ್ತೀರೋ ಲೇಪವಿರುವ ನುಣುಪು ಆರ್ಟ್ ಪೇಪರ್ ಬಳಸುತ್ತೀರೋ ಅನ್ನೋದನ್ನು ಪ್ರೆಸ್ಸಿನವರ ಹತ್ತಿರ ಈಗಲೇ ಮಾತಾಡಿ. ಮ್ಯಾಪ್ಲಿಥೋ ಶಾಯಿ ಹೀರಿಕೊಳ್ಳುತ್ತದೆ, ಬಣ್ಣ ಇನ್ನೂ ಒಂದು ಮೆಟ್ಟಿಲು ಕಪ್ಪಾಗಿ, ಮಂಕಾಗಿ ಕಾಣುತ್ತದೆ. ಅದೇ ಆದರೆ ಚಿತ್ರವನ್ನು ಕೊಂಚ ತಿಳಿಯಾಗಿಯೇ ಬರೆಯಬೇಕು.

ಇನ್ನು ಕಾಗದ. ಐವರಿ ಶೀಟ್ ಪೆನ್ನಿನ ಕೆಲಸಕ್ಕೆ ಚೆನ್ನ, ನೀರಿಗೆ ಆಗಿಬರಲ್ಲ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ವಾಟರ್ ಕಲರ್ ಕಾಗದ ತಗೊಳ್ಳಿ. ಪೂರ್ತಿ ಹತ್ತಿಯದ್ದು ಸಿಕ್ಕರೆ ಬಹಳ ಒಳ್ಳೆಯದು, ಬಣ್ಣ ನಿಧಾನವಾಗಿ, ಸಮವಾಗಿ ಹರಡುತ್ತದೆ. ದುಬಾರಿ ಅನಿಸಿದರೆ ಮರದ ತಿರುಳಿನದ್ದೂ ಪುಸ್ತಕಕ್ಕೆ ಸಾಕು. ಮೂಲಚಿತ್ರ ನೂರು ವರ್ಷ ಬಾಳಬೇಕಾಗಿಲ್ಲ, ಸ್ಕ್ಯಾನ್ ಆದರೆ ಆಯಿತು ಅಲ್ವಾ? ನಾನು ಕಾಗದದ ನಯ ನೋಡಿ ತಗೊಳ್ಳುತ್ತೇನೆ. ಕೋಲ್ಡ್ ಪ್ರೆಸ್ಡ್ ಅಂತ ಬರುವ ತರಿತರಿ ಕಾಗದದ ಮೇಲೆ ಚಿತ್ರ ಕೈಯಲ್ಲಿ ಹಿಡಿದರೆ ಚಂದ. ಆದರೆ ಸ್ಕ್ಯಾನರಿನ ಬೆಳಕು ಒಂದು ಪಕ್ಕದಿಂದ ಬೀಳುವುದರಿಂದ ಪ್ರತಿ ತರಿಗೂ ಒಂದೊಂದು ನೆರಳು ಬರುತ್ತದೆ. ತಿಳಿ ಆಕಾಶ ಇದ್ದ ಕಡೆ ಮರಳು ಉದುರಿಸಿದ ಹಾಗೆ ಕಾಣುತ್ತದೆ. ಹುಳುವಿನ ಮೈ, ಕಾಲು, ಉಸಿರು ರಂಧ್ರ ಎಲ್ಲ ಬಿಡಿಸಬೇಕಾದ ನಿಮಗೆ ಹಾಟ್ ಪ್ರೆಸ್ಡ್ ನಯ ಕಾಗದವೇ ಸರಿ.

ಪುಸ್ತಕಕ್ಕೆ ಬೇಕಾದಷ್ಟು ಕಾಗದವನ್ನು ಒಂದೇ ಸಲ ಕೊಳ್ಳಿ, ಹಾಳಾಗುವುದಕ್ಕೆ ಅಂತ ನಾಲ್ಕು ಹಾಳೆ ಜಾಸ್ತಿ ಇರಲಿ. ಒಮ್ಮೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಬಿಡಿ ಹಾಳೆ ತಂದು, ಅರ್ಧ ಕೆಲಸ ಆದ ಮೇಲೆ ಮತ್ತೆ ತಂದೆ. ಎರಡನೇ ಕಟ್ಟಿನ ಬಿಳುಪೇ ಬೇರೆ ಇತ್ತು. ಕೆಲವು ಹಾಳೆಗಳಲ್ಲಿ ಅಂಟಿನ ಲೇಪ ಕೆಟ್ಟು, ಬಣ್ಣ ಹಾಕಿದ ಕಡೆ ಎಣ್ಣೆ ಬಿದ್ದಂತೆ ಕಲೆ ಕಲೆಯಾಗಿ ಹೀರಿಕೊಂಡಿತು. ಕಾಗದ ಥಂಡಿಯಲ್ಲಿ ಬಹಳ ದಿನ ಇದ್ದರೆ ಹೀಗಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿಡಿ.

ಸುಕ್ಕಿಗೆ ಉಪಾಯ ಸುಲಭ. ಹಾಳೆಯ ಎರಡೂ ಬದಿ ಒದ್ದೆ ಮಾಡಿ, ಹಲಗೆಯ ಮೇಲೆ ಮಲಗಿಸಿ, ನೀರು ಹಚ್ಚಿದರೆ ಅಂಟುವ ಕಂದು ಕಾಗದದ ಟೇಪಿನಿಂದ ನಾಲ್ಕೂ ಅಂಚು ಅಂಟಿಸಿ. ಫ್ಯಾನ್ ಹಾಕದೆ, ಹಲಗೆ ಮಟ್ಟವಾಗಿಟ್ಟು ಒಣಗಿಸಿ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಬೇಗ ಬಿಗಿದುಕೊಂಡು ಟೇಪೇ ಹರಿಯುತ್ತದೆ, ರಾತ್ರಿ ಅಂಟಿಸುವುದು ಒಳ್ಳೆಯದು.

ಬಣ್ಣದ ವಿಷಯಕ್ಕೆ ಬಂದರೆ, ಸೊಪ್ಪಿಗೆ ಡಬ್ಬಿಯ ಹಸಿರು ಬೇಡ. ನಿಂಬೆ ಹಳದಿಗೆ ಪ್ರಷ್ಯನ್ ನೀಲಿ ಸೇರಿಸಿದರೆ ಚಿಗುರಿನ ಹಸಿರು. ಅದಕ್ಕೇ ಬರ್ನ್ಟ್ ಸಿಯೆನ್ನಾ ಒಂದು ಚೂರು ಸೇರಿಸಿದರೆ ಬಲಿತ ಸೊಪ್ಪು. ಕಂದು ಸೇರಿದ ಹಸಿರು ಅಚ್ಚಿನಲ್ಲೂ ಹೆಚ್ಚು ಬದಲಾಗುವುದಿಲ್ಲ. ನಿಮ್ಮ ಚಿತ್ರದ ಹಿಂದೆ ನಂದಿ ಬೆಟ್ಟದ ಸಾಲು ಬರುವುದಾದರೆ ಅದೇ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಸೇರಿಸಿ, ಬಂಡೆಯ ಬೂದು ತಾನಾಗಿ ಬರುತ್ತದೆ.

ಕಷ್ಟ ಇರುವುದು ಹುಳುವಿನ ಬಿಳುಪಿನಲ್ಲಿ. ಅದನ್ನು ಬರೀ ಕಾಗದದ ಬಿಳುಪಾಗಿ ಬಿಟ್ಟರೆ ಹುಳು ಮೈ ತುಂಬಿ ಕಾಣಲ್ಲ. ಎಲೆಯ ಹಸಿರು ಮೊದಲು ಹಾಕಿ, ಪೂರ್ತಿ ಒಣಗಿದ ಮೇಲೆ ಹುಳುವನ್ನು, ಕೆಳಗಿನ ಬಣ್ಣ ಮುಚ್ಚುವ ವಾಟರ್ ಕಲರ್ ಆದ ಗುವಾಶ್‌ನಲ್ಲಿ ಬರೆಯಿರಿ. ಗುವಾಶ್ ಸಿಗದಿದ್ದರೆ ಕ್ಯಾಮೆಲ್ ಪೋಸ್ಟರ್ ಕಲರ್ ಬಿಳಿಯೂ ನಡೆಯುತ್ತದೆ, ದಪ್ಪ ಮೆತ್ತಬೇಡಿ, ಬಿರುಕು ಬಿಡುತ್ತದೆ. ಕೆಳಗಿನ ಹಸಿರು ನೀರಿಗೆ ಎದ್ದು ಬರುವುದರಿಂದ ಕುಂಚ ಒಂದೇ ಸಲ ಎಳೆದು ಬಿಡಿ, ಉಜ್ಜಬೇಡಿ. ಗುವಾಶ್‌ನಲ್ಲಿ ತಿಳಿ ಬಣ್ಣ ಒಣಗಿದ ಮೇಲೆ ಸ್ವಲ್ಪ ಕಪ್ಪಾಗುತ್ತದೆ, ಗಾಢ ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ಅದಕ್ಕೇ ಚೂರು ಕಾಗದದ ಮೇಲೆ ಒಣಗಿಸಿ ನೋಡಿಯೇ ಮುಂದುವರಿಯಿರಿ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುವಿನ ನೆರಳಿಗೆ ನೀಲಿ ಬೂದು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವಿಗೆ ಬಿಳಿ ಕಡಿಮೆ ಮಾಡಿ, ತೆಳು ಹಳದಿ ವಾಟರ್ ಕಲರ್ ಮಾತ್ರ, ಒಳಗಿಂದ ಬೆಳಕು ಬಂದ ಹಾಗಿರಬೇಕು. ಚಂದ್ರಿಕೆಯ (ಹುಳು ಗೂಡು ಕಟ್ಟುವ ತಟ್ಟೆಯ) ಮೇಲಿನ ಗೂಡು ಮಿಶ್ರತಳಿಯದ್ದಾದರೆ ಹಸಿರು ಛಾಯೆಯ ಹಳದಿ, ದ್ವಿತಳಿಯದ್ದಾದರೆ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಬಿಳಿ. ಇದನ್ನು ಮಕ್ಕಳು ಖಂಡಿತ ಕೇಳುತ್ತಾರೆ.

ತೋಟದ ಮಣ್ಣಿಗೆ ಮಾತ್ರ ಬಣ್ಣ ಕೊಳ್ಳಬೇಡಿ. ನಮ್ಮ ಕೆಮ್ಮಣ್ಣೇ ಇದೆಯಲ್ಲ! ಒಂದು ಬೊಗಸೆ ಮಣ್ಣನ್ನು ನೀರಿನಲ್ಲಿ ಕದಡಿ, ಅರ್ಧ ನಿಮಿಷ ಬಿಟ್ಟು, ಮರಳು ತಳ ಸೇರಿದ ಮೇಲೆ ಮೇಲಿನ ರಾಡಿ ನೀರನ್ನು ತೆಳು ಬಟ್ಟೆಯಲ್ಲಿ ಇನ್ನೊಂದು ಪಾತ್ರೆಗೆ ಸೋಸಿ. ಮರುದಿನ ತಿಳಿ ನೀರು ಚೆಲ್ಲಿ, ತಳದ ಕೆಸರು ಒಣಗಿಸಿ. ಮುಟ್ಟಿದರೆ ಕುಂಕುಮದಂತೆ ನುಣುಪಾಗಿರುತ್ತದೆ. ಗ್ರಂಧಿಗೆ ಅಂಗಡಿಯ ಗೋಂದನ್ನು ಎರಡರಷ್ಟು ಬಿಸಿನೀರಿನಲ್ಲಿ ನೆನೆಸಿ ಸೋಸಿ, ನಾಲ್ಕು ಹನಿ ಜೇನು, ಕೆಡದಂತೆ ಒಂದು ಹನಿ ಲವಂಗದ ಎಣ್ಣೆ ಹಾಕಿ. ಗಾಜಿನ ಮೇಲೆ ಪುಡಿಗೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ, ಕರಕರ ಸದ್ದು ನಿಲ್ಲುವವರೆಗೆ ಅರೆಯಿರಿ. ಕಾಗದಕ್ಕೆ ಹಚ್ಚಿ, ಒಣಗಿದ ಮೇಲೆ ಬೆರಳಿನಿಂದ ಉಜ್ಜಿ. ಬೆರಳಿಗೆ ಬಂದರೆ ಗೋಂದು ಸಾಲದು. ಮಿನುಗಿದರೆ, ಬಿರಿದರೆ ಜಾಸ್ತಿಯಾಯಿತು. ಇದು ಕಬ್ಬಿಣದ ಅಂಶದ ಬಣ್ಣ, ಬಿಸಿಲಿಗೂ ಮಾಸಲ್ಲ. ನನ್ನ ಪಟ್ಟಿಯಲ್ಲಿ ಸ್ಕ್ಯಾನಿಗೂ ಅಚ್ಚಿಗೂ ಅತಿ ಕಡಿಮೆ ಬದಲಾದದ್ದು ಇದೇ.

ಸ್ಕ್ಯಾನ್ ಮಾಡಿಸುವಾಗ ಪುಸ್ತಕದ ಅಳತೆಗೇ ಬರೆದಿದ್ದರೆ 300 ಡಿಪಿಐ, ಹಿಗ್ಗಿಸುವುದಿದ್ದರೆ 600. ತಾನಾಗಿ ಬಣ್ಣ ತಿದ್ದುವುದನ್ನು ಆಫ್ ಮಾಡಲು ಹೇಳಿ, ತೆಳು ಹಳದಿಯನ್ನೆಲ್ಲ ಅದೇ ನುಂಗಿಬಿಡುತ್ತದೆ. ಫೈಲ್ ಟಿಫ್‌ನಲ್ಲಿ ಇರಲಿ. ಪ್ರತಿ ಚಿತ್ರದ ಪಕ್ಕ ನಿಮ್ಮ ಬಣ್ಣದ ಪಟ್ಟಿಯನ್ನೂ ಇಟ್ಟು ಸ್ಕ್ಯಾನ್ ಮಾಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುವವರಿಗೆ ಅದೇ ಆಧಾರ. ಚಿತ್ರದ ಅಂಚು ಪುಟದಿಂದ ಸುತ್ತಲೂ 3 ಮಿಲಿಮೀಟರ್ ಹೊರಗೆ ಚಾಚಿರಲಿ, ಕತ್ತರಿಸುವಾಗ ಬಿಳಿ ಗೆರೆ ಉಳಿಯಬಾರದು.

ನನ್ನ ಹತ್ತಿರ ಹೋದ ವರ್ಷ ಸೋಸಿದ ಕೆಮ್ಮಣ್ಣಿನ ಪುಡಿ ಒಂದು ಡಬ್ಬಿ ಉಳಿದಿದೆ. ಬೇಕಿದ್ದರೆ ಇಲ್ಲೇ ಹೇಳಿ, ಶಿಡ್ಲಘಟ್ಟದ ಕಡೆ ಬಂದಾಗ ತಂದುಕೊಡುತ್ತೇನೆ. ನಿಮ್ಮ ಬಣ್ಣದ ಪಟ್ಟಿ, ಅದರ ಪ್ರಿಂಟ್ ಎರಡರ ಫೋಟೋ ಗುಂಪಿಗೆ ಹಾಕಿ, ಎಲ್ಲರೂ ಸೇರಿ ನೋಡೋಣ.