ಜರ್ಮನಿಯ ಎಂಶರ್ ನದಿ ರೈನ್ ನದಿಯನ್ನು ಸೇರುವ ಜಾಗ ಹಳೆಯ ನಕ್ಷೆಯಲ್ಲಿ ಬೇರೆ, ಹೊಸ ನಕ್ಷೆಯಲ್ಲಿ ಬೇರೆ ಇರುವುದೇಕೆ?
ಹಳೆಯ ನಕ್ಷೆಯಲ್ಲಿ ಡ್ಯೂಸ್‌ಬರ್ಗಿನ ಬಳಿ ರೈನ್ ಸೇರುವ ಎಂಶರ್, ಈಗಿನ ನಕ್ಷೆಯಲ್ಲಿ ಇನ್ನೂ ಉತ್ತರದ ಡಿನ್ಸ್‌ಲಾಕನ್ ಬಳಿ ಸೇರುತ್ತದೆ, ಯಾವುದು ತಪ್ಪು ಎಂದು ಕೇಳಿದ್ದೀರಿ. ಎರಡೂ ಸರಿಯೇ, ಸರಿದದ್ದು ನದಿ. ಸರಿಸಿದವರು ಎಂಜಿನಿಯರುಗಳು.

ಹೋಲ್ಟ್ಸ್‌ವಿಕೆಡೆಯಲ್ಲಿ ಹುಟ್ಟಿ ಡಾರ್ಟ್‌ಮಂಡ್, ಗೆಲ್ಸೆನ್‌ಕಿರ್ಶೆನ್, ಒಬರ್‌ಹೌಸನ್‌ಗಳನ್ನು ಹಾದು ಪಶ್ಚಿಮಕ್ಕೆ ಸಾಗುವ ಈ ನದಿಯ ಉದ್ದ ಸುಮಾರು 80 ಕಿ.ಮೀ. ಮಾತ್ರ. ಅದರ ಕಣಿವೆಯ ಅಡಿಯಲ್ಲೆಲ್ಲ ಕಲ್ಲಿದ್ದಲು. ಕಲ್ಲಿದ್ದಲನ್ನು ತೆಗೆದಂತೆ ಮೇಲಿನ ನೆಲ ಹಲವು ಮೀಟರುಗಳಷ್ಟು ಕುಸಿಯಿತು, ಮೊದಲೇ ಇಳಿಜಾರು ಕಡಿಮೆಯಿದ್ದ ನದಿ ಹರಿಯಲಾರದೆ ನಿಂತಿತು, ಊರುಗಳ ಕೊಳಚೆ ಹಿತ್ತಿಲುಗಳಿಗೆ ನುಗ್ಗಿ ರೋಗ ಹರಡಿತು. ನೆಲ ಕುಸಿಯುವಲ್ಲಿ ಒಳಚರಂಡಿ ಹೂತರೆ ಕೊಳವೆ ಒಡೆಯುತ್ತದೆ. ಆದ್ದರಿಂದ 1899ರಲ್ಲಿ ಸ್ಥಾಪನೆಯಾದ ಎಂಶರ್‌ಗೆನೊಸೆನ್‌ಶಾಫ್ಟ್ ಎಂಬ ಸಂಸ್ಥೆ ನದಿಯನ್ನೇ ನೇರಗೊಳಿಸಿ, ತಳಕ್ಕೆ ಕಾಂಕ್ರೀಟ್ ಹಾಸಿ, ಎರಡೂ ಬದಿಗೆ ಒಡ್ಡು ಕಟ್ಟಿ ತೆರೆದ ಚರಂಡಿಯನ್ನಾಗಿ ಮಾಡಿತು. ಚರಂಡಿ ಕುಸಿದರೆ ಕಣ್ಣಿಗೆ ಕಾಣುತ್ತದೆ, ದುರಸ್ತಿಯೂ ಸುಲಭ. ಕಟುವಾದ ನಿರ್ಧಾರವಾದರೂ ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. (ಅಲ್ಲಿನ ಜನ ಇಂಥ ಕಾಲುವೆಗಳನ್ನು ‘ಕೊಟೆಲ್‌ಬೆಕೆ’ ಎನ್ನುತ್ತಿದ್ದರು. ಮರ್ಯಾದೆಯ ಮಾತಿನಲ್ಲಿ ಹೇಳುವುದಾದರೆ, ಮಲದ ಹಳ್ಳ.)

ಸಂಗಮದ ಬಳಿಯೂ ನೆಲ ಕುಸಿದಾಗ ಇಳಿಜಾರು ಮತ್ತೆ ಸಾಲದಾಯಿತು. ರೈನ್ ಉತ್ತರಕ್ಕೆ ಹರಿಯುವುದರಿಂದ ಕೆಳಹರಿವಿನ ಕಡೆಗೆ ಹೋದಷ್ಟೂ ಅದರ ಮಟ್ಟ ತಗ್ಗುತ್ತದೆ. ಅಲ್ಲಿ ಸೇರಿಸಿದರೆ ಎಂಶರ್‌ಗೆ ಬೇಕಾದ ಇಳಿಜಾರು ದೊರೆಯುತ್ತದೆ. ಹೀಗಾಗಿ 1910ರಲ್ಲಿ ಸಂಗಮವನ್ನು ವಾಲ್ಸುಮ್‌ಗೂ, 1949ರಲ್ಲಿ ಡಿನ್ಸ್‌ಲಾಕನ್‌ಗೂ ಒಯ್ದರು.

ಗಣಿಗಾರಿಕೆ ಅಲ್ಲಿಂದ ಸರಿದು ನೆಲ ಸ್ಥಿರವಾದ ಮೇಲಷ್ಟೇ ಒಳಚರಂಡಿ ಸಾಧ್ಯವಾಯಿತು. 1990ರ ದಶಕದ ಆರಂಭದಲ್ಲಿ ಶುರುವಾದ ಯೋಜನೆಗೆ 500 ಕೋಟಿ ಯೂರೋಗಿಂತ ಹೆಚ್ಚು ಖರ್ಚಾಗಿದೆ. ಡಾರ್ಟ್‌ಮಂಡ್‌ನಿಂದ ಡಿನ್ಸ್‌ಲಾಕನ್‌ವರೆಗಿನ 51 ಕಿ.ಮೀ. ಉದ್ದದ ಕೊಳಚೆ ಸುರಂಗ ಕಿಲೋಮೀಟರಿಗೆ ಒಂದೂವರೆ ಮೀಟರಿನಂತೆ ಇಳಿಯುತ್ತದೆ. ಇಳಿಯುತ್ತಲೇ ಹೋದರೆ ಪಾತಾಳ ಸೇರಬೇಕಾದ್ದರಿಂದ ಮೂರು ಪಂಪ್ ಕೇಂದ್ರಗಳು ನೀರನ್ನು ಮೇಲೆತ್ತುತ್ತವೆ. 2021ರ ಕೊನೆಯಿಂದ ಎಂಶರ್‌ಗೆ ಕೊಳಚೆ ಬೀಳುತ್ತಿಲ್ಲ. 2022ರಲ್ಲಿ ಸಂಗಮವನ್ನು ಇನ್ನೂ ಸ್ವಲ್ಪ ಉತ್ತರಕ್ಕೆ ಸರಿಸಿದರು, ಆದರೆ ಈ ಸಲ ಮೀನುಗಳಿಗಾಗಿ: ಮೊದಲಿನ ಸಂಗಮದಲ್ಲಿ ನೀರು ಎತ್ತರದಿಂದ ಧುಮುಕುತ್ತಿದ್ದರಿಂದ ಅವು ಮೇಲೇರಲಾಗುತ್ತಿರಲಿಲ್ಲ.

ನಿಮ್ಮ ಹೊಸ ನಕ್ಷೆಯನ್ನೇ ಹಿಗ್ಗಿಸಿ ನೋಡಿದರೆ ಡ್ಯೂಸ್‌ಬರ್ಗಿನಲ್ಲಿ ‘ಹಳೆಯ ಎಂಶರ್’, ‘ಚಿಕ್ಕ ಎಂಶರ್’ ಎಂಬರ್ಥದ ಹೆಸರಿನ ಎರಡು ತೊರೆಗಳು ಕಾಣುತ್ತವೆ. ಅವು ನದಿ ಬಿಟ್ಟುಹೋದ ಪಾತ್ರಗಳು. ಕುಸಿದ ನೆಲ ಮೇಲೇಳುವುದಿಲ್ಲವಾದ್ದರಿಂದ ಅವುಗಳ ನೀರನ್ನು ಇಂದಿಗೂ ಪಂಪ್ ಮಾಡಿಯೇ ರೈನ್‌ಗೆ ಸೇರಿಸಬೇಕಾಗಿದೆ.